ದೋಣಿಗೆ ವಿಮೆ: ಷರತ್ತು ತಿಳಿದಿದೆಯೇ?

ಮಂಜೇಶ್ವರ, ಕುಂಬಳೆ ಕಡಲತೀರದ ನಾವು ದೋಣಿಗೆ ವಿಮೆ ಮಾಡಿಸಿ, ಕಂತು ಕಟ್ಟಿ ನಿಶ್ಚಿಂತರಾಗುತ್ತೇವೆ. ಷರತ್ತು ತಿಳಿದವರು ವಿರಳ.

1963ರ ಸಾಗರ ವಿಮಾ ಕಾಯಿದೆಯಂತೆ, ಪಾಲಿಸಿಯಲ್ಲಿ ಬೇರೆ ಮಾತಿಲ್ಲದಿದ್ದರೆ, ಬಳಕೆಯ ಸವೆತಕ್ಕೆ, ಇಲಿ-ಹುಳುಗಳಿಂದಾದ ಹಾನಿಗೆ ಪರಿಹಾರವಿಲ್ಲ. ಬಿರುಗಾಳಿಯಲ್ಲಿ ದೋಣಿ ಒಡೆದಾಗ ಚುಕ್ಕಾಣಿಯವನ ಅಜಾಗ್ರತೆಯೂ ಸೇರಿತ್ತೆಂಬ ಮಾತ್ರಕ್ಕೆ ನಮ್ಮ ಹಕ್ಕು ತಪ್ಪದು. ಆದರೆ ವರ್ಷಾವಧಿಯ ಪಾಲಿಸಿಯಲ್ಲಿ, ಹಲಗೆ ಸಡಿಲಾದುದು ತಿಳಿದೂ ಮಾಲಿಕನು ದೋಣಿಯನ್ನು ಕಡಲಿಗೆ ಕಳುಹಿಸಿ, ಅದರಿಂದಲೇ ಮುಳುಗಿದರೆ ಹಣ ಸಿಗದು.

ಯಾನವು ಕಾನೂನುಬದ್ಧವಾಗಿರಬೇಕೆಂಬುದು ಬರೆಯದಿದ್ದರೂ ಇರುವ ಷರತ್ತು. ಮಳೆಗಾಲದ ಟ್ರಾಲಿಂಗ್ ನಿಷೇಧ ಮೀರಿ ಹೊರಡುವ ಬೋಟಿನವರು ಇದನ್ನು ಮರೆಯಬಾರದು.

ಕಾಗದ ಕನ್ನಡದಲ್ಲಿಲ್ಲದಿದ್ದರೆ ಬಲ್ಲವರಿಂದ ಓದಿಸಿ, ಅರ್ಥ ಕೇಳಿ, ಸಹಿ ಆಮೇಲಾಗಲಿ. ದೋಣಿ ಮುಳುಗಿದ ಮೇಲೆ ಓದಿ ಪ್ರಯೋಜನವಿಲ್ಲ.