ದೊಡ್ಡಿ ಶಾಲೆಯ ಹಾಜರಿ ಪುಸ್ತಕ

ಚನ್ನಪಟ್ಟಣದಿಂದ ಯಾವ ದಿಕ್ಕಿಗೆ ಹೊರಟರೂ ಸ್ವಲ್ಪ ಹೊತ್ತಿನಲ್ಲೇ ಒಂದು ದೊಡ್ಡಿ ಸಿಗುತ್ತದೆ. ಯಾವುದೋ ಗೌಡನದೋ ಕೆರೆಯದೋ ಹೆಸರಿನ ಕೊನೆಗೆ ಅಂಟಿಕೊಂಡ ದೊಡ್ಡಿ. ಹಿಂದೆ ದನ ಕೂಡುತ್ತಿದ್ದ ಜಾಗ, ಕಾವಲಿಗೆ ಹೋದವರು ಅಲ್ಲೇ ಗುಡಿಸಲು ಹಾಕಿಕೊಂಡು, ಗುಡಿಸಲು ಮನೆಯಾಗಿ, ಮನೆ ಮೂವತ್ತಾಗಿ ನಲವತ್ತಾಗಿ ನಿಂತ ಊರು. ಸುತ್ತ ತೆಂಗು, ಮಾವು, ಹಿಪ್ಪುನೇರಳೆ ತೋಟ. ಊರ ಬಾಗಿಲಲ್ಲಿ ಹಾಲಿನ ಡೇರಿ, ಅರಳಿಕಟ್ಟೆ, ಅದರಾಚೆ ಎರಡು ಕೋಣೆಯ ಒಂದು ಕಟ್ಟಡ. ಅದರ ಹಣೆಯ ಮೇಲೆ 'ಸ.ಕಿ.ಪ್ರಾ. ಶಾಲೆ'. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದರವರೆಗೆ.

ಚನ್ನಪಟ್ಟಣ ಅಂದಕೂಡಲೇ ಎಲ್ಲರಿಗೂ ಬೊಂಬೆ ನೆನಪಾಗುತ್ತದೆ. ಆಲೆ ಮರದ ಬೊಂಬೆಯ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಈ ತಾಲ್ಲೂಕಿನ ಸರ್ಕಾರಿ ಶಾಲೆಯನ್ನು ಯಾರು ನಡೆಸುತ್ತಾರೆ, ದುಡ್ಡು ಎಲ್ಲಿಂದ ಬರುತ್ತದೆ, ಅಲ್ಲಿ ಕೂತಿರುವ ಮಕ್ಕಳು ಯಾರು ಎಂಬುದನ್ನು ಅಷ್ಟೇ ಆಸ್ಥೆಯಿಂದ ನೋಡಿದವರು ಕಡಿಮೆ.

ಒಂದು ಕಿಲೋಮೀಟರಿನೊಳಗೆ ಒಂದರಿಂದ ಐದನೇ ತರಗತಿ, ಮೂರು ಕಿಲೋಮೀಟರಿನೊಳಗೆ ಎಂಟನೇ ತರಗತಿವರೆಗಿನ ಶಾಲೆ ಇರಬೇಕೆಂಬುದು ನಮ್ಮ ರಾಜ್ಯದ ಶಿಕ್ಷಣ ಹಕ್ಕು ನಿಯಮ. ಆರು ವರ್ಷದ ಮಗು ತನ್ನ ಕಾಲಲ್ಲಿ ನಡೆದು ಹೋಗಬೇಕು ಎಂಬ ಒಂದೇ ಲೆಕ್ಕ ಅದರ ಹಿಂದಿದೆ. ದೊಡ್ಡಿಗಳು ಹೀಗೆ ಚದುರಿಕೊಂಡಿರುವ ಕಡೆ ಆ ನಿಯಮ ಪಾಲಿಸಿದರೆ ಶಾಲೆಗಳು ಸಣ್ಣವೇ ಆಗುತ್ತವೆ. ಇದನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ಸಣ್ಣ ಶಾಲೆ ಕಂಡ ತಕ್ಷಣ 'ಅಯ್ಯೋ, ಹಾಳುಬಿದ್ದಿದೆ' ಎನ್ನುವ ಅಭ್ಯಾಸ ನಮಗೆ ಬಂದುಬಿಟ್ಟಿದೆ. ದೊಡ್ಡಿಯಲ್ಲಿ ಮನೆ ಇರುವುದೇ ನಲವತ್ತಾದರೆ ಶಾಲೆಯಲ್ಲಿ ಇನ್ನೂರು ಮಕ್ಕಳು ಎಲ್ಲಿಂದ ಬರಬೇಕು?

ಒಳಗೆ ಹೋಗಿ ನೋಡಿ. ನಲಿ-ಕಲಿ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪು ಗುಂಪಾಗಿ ಕೂತಿರುತ್ತಾರೆ. ತಲೆಯ ಮೇಲೆ ಕೋಣೆಯ ಉದ್ದಕ್ಕೂ ದಾರ ಎಳೆದ 'ಚಪ್ಪರ'; ಅದರಲ್ಲಿ ಮಕ್ಕಳೇ ಬರೆದ ಚಿತ್ರ, ಕತ್ತರಿಸಿದ ಎಲೆ, ಕಾಗದದ ಹಕ್ಕಿ ನೇತಾಡುತ್ತಿರುತ್ತವೆ. ಗೋಡೆಯ ಕೆಳಭಾಗಕ್ಕೆ, ಮಗುವಿನ ಕೈಗೆ ಎಟುಕುವ ಎತ್ತರಕ್ಕೆ ಕಪ್ಪು ಬಣ್ಣ ಬಳಿದು ಒಬ್ಬೊಬ್ಬರಿಗೂ ಒಂದೊಂದು ಪಾಲು ಮಾಡಿಕೊಟ್ಟಿರುತ್ತಾರೆ. ಇನ್ನೊಂದು ಗೋಡೆಯಲ್ಲಿ 'ಕಲಿಕಾ ಏಣಿ'. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂದು ಮಗುವೇ ನೋಡಿ, ತನ್ನ ಕಾರ್ಡನ್ನು ತಾನೇ ಹುಡುಕಿ ತರುತ್ತದೆ. 'ಮಿಸ್, ನಂದು ಮುಗೀತು' ಎಂದು ಒಂದು ಹುಡುಗಿ ಸ್ಲೇಟು ಎತ್ತಿ ಹಿಡಿಯುತ್ತಾಳೆ. 'ಹೋಗಿ ನಿಮ್ಮಣ್ಣನಿಗೆ ತೋರ್ಸು, ಅವ್ನು ನೋಡ್ಲಿ' ಎನ್ನುತ್ತಾರೆ ಮಿಸ್ಸು. ಮೂರನೇ ತರಗತಿಯ ಹುಡುಗ ಗಂಭೀರವಾಗಿ ಒತ್ತಕ್ಷರ ತಿದ್ದಿಕೊಡುತ್ತಾನೆ.

ಈ ಪದ್ಧತಿ ಹೊರಗಿನಿಂದ ತಂದು ಹೇರಿದ್ದಲ್ಲ. ತೊಂಬತ್ತರ ದಶಕದ ನಡುವೆ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಪ್ರಯೋಗ ನೋಡಿಬಂದು, ಯುನಿಸೆಫ್ ನೆರವಿನಲ್ಲಿ ತಮ್ಮ ಶಾಲೆಗಳಿಗೆ ಹೊಂದುವಂತೆ ಕಟ್ಟಿಕೊಂಡದ್ದು. 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಒಬ್ಬ ಮೇಷ್ಟ್ರು, ಮೂರು ತರಗತಿ ಎಂಬ ಕಷ್ಟವನ್ನೇ ಕಲಿಕೆಯ ಕ್ರಮವಾಗಿ ಮಾಡಿದ ಆ ಶಿಕ್ಷಕರ ಬಗ್ಗೆ ನನಗೆ ದೊಡ್ಡ ಗೌರವ ಇದೆ.

ಆದರೆ ನಾಲ್ಕು, ಐದನೇ ತರಗತಿಯವರು ಪಕ್ಕದ ಕೋಣೆಯಲ್ಲಿದ್ದಾರೆ. ಅವರಿಗೆ ಇನ್ನೊಬ್ಬರು ಬೇಕು.

ಮೇಷ್ಟ್ರ ಲೆಕ್ಕ ಹೀಗಿದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದರವರೆಗೆ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು, ತೊಂಬತ್ತರವರೆಗೆ ಮೂವರು. ಕಾಗದದ ಮೇಲೆ ಹನ್ನೆರಡು ಮಕ್ಕಳ ಶಾಲೆಗೂ ಇಬ್ಬರು ಬೇಕು. ನಡೆಯುವುದು ಬೇರೆ. ಮಕ್ಕಳ ಸಂಖ್ಯೆ ಇಳಿದಾಗ ಒಬ್ಬರು 'ಹೆಚ್ಚುವರಿ' ಆಗುತ್ತಾರೆ, ಕೌನ್ಸೆಲಿಂಗ್‌ನಲ್ಲಿ ಬೇರೆ ಶಾಲೆಗೆ ಹೋಗುತ್ತಾರೆ. ಉಳಿದವರೊಬ್ಬರೇ ಪಾಠ ಮಾಡಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಸ್ಯಾಟ್ಸ್ ತಂತ್ರಾಂಶಕ್ಕೆ ಮಕ್ಕಳ ವಿವರ ಏರಿಸಬೇಕು, ಬಿಇಒ ಕಚೇರಿಯ ಸಭೆಗೆ ಹೋಗಬೇಕು, ಚುನಾವಣೆ ಬಂದರೆ ಮತಗಟ್ಟೆಗೂ ಹೋಗಬೇಕು. ಅವರು ಸಭೆಗೆ ಹೋದ ದಿನ ತಾಯಿ ಬಂದು ನೋಡುತ್ತಾಳೆ; ಮಗು ಅಂಗಳದಲ್ಲಿ ಆಡುತ್ತಿದೆ. ಮುಂದಿನ ಜೂನ್‌ಗೆ ಆ ಮಗು ಖಾಸಗಿ ಶಾಲೆಯ ಹಳದಿ ವ್ಯಾನ್ ಹತ್ತುತ್ತದೆ. ಮಕ್ಕಳಿಲ್ಲ ಅಂತ ಮೇಷ್ಟ್ರಿಲ್ಲ, ಮೇಷ್ಟ್ರಿಲ್ಲ ಅಂತ ಮಕ್ಕಳಿಲ್ಲ.

ರಾಜ್ಯದ ಈಶಾನ್ಯದ ಜಿಲ್ಲೆಗಳಿಗೆ ಹೋಲಿಸಿದರೆ ಇಲ್ಲಿಗೆ ಬರಲು ಶಿಕ್ಷಕರು ಹಿಂಜರಿಯುವುದಿಲ್ಲ, ನಿಜ. ಬೆಂಗಳೂರು ಹತ್ತಿರ, ರೈಲಿದೆ, ರಸ್ತೆಯಿದೆ. ಆದರೂ ನಿವೃತ್ತಿಯಿಂದ ಖಾಲಿಯಾದ ಜಾಗ ತುಂಬುವುದು ನೇಮಕಾತಿಯಿಂದ ಮಾತ್ರ. 2022ರಲ್ಲಿ ಸರ್ಕಾರ 15,000 ಪದವೀಧರ ಶಿಕ್ಷಕರ ನೇಮಕಕ್ಕೆ ಪರೀಕ್ಷೆ ನಡೆಸಿತು. ಅದು ಆರರಿಂದ ಎಂಟನೇ ತರಗತಿಗಳಿಗೆ. ದೊಡ್ಡಿ ಶಾಲೆಯ ಬಾಗಿಲವರೆಗೆ ಆ ನೇಮಕಾತಿ ಬರುವಂತೆಯೇ ಇರಲಿಲ್ಲ. ಖಾಲಿ ಜಾಗದಲ್ಲಿ ಅತಿಥಿ ಶಿಕ್ಷಕರು ಬರುತ್ತಾರೆ. ಹೆಚ್ಚಾಗಿ ಅಕ್ಕಪಕ್ಕದ ಊರಿನ ಸೊಸೆಯಂದಿರು, ಡಿ.ಇಡಿ., ಬಿ.ಇಡಿ. ಮಾಡಿಕೊಂಡು ಕೆಲಸಕ್ಕೆ ಕಾದವರು. 2025-26ರ ಬಜೆಟ್‌ನಲ್ಲಿ ಎರಡು ಸಾವಿರ ಏರಿಸಿದ ಮೇಲೆ ಪ್ರಾಥಮಿಕ ಶಾಲೆಯಲ್ಲಿ ಅವರಿಗೆ ತಿಂಗಳಿಗೆ 12,000 ರೂಪಾಯಿ. ಬೇಸಿಗೆ ರಜೆಯ ಸಂಬಳ ಇಲ್ಲ, ಮುಂದಿನ ವರ್ಷ ಕರೆಯುತ್ತಾರೆಂಬ ಖಾತ್ರಿಯೂ ಇಲ್ಲ. ಮಗುವಿನ ಮನೆಯ ಕಷ್ಟಸುಖ ಗೊತ್ತಿರುವವರು ಇವರೇ. ಇವರನ್ನು ಹೀಗೆ ವರ್ಷಾವಧಿಗೆ ಇಟ್ಟುಕೊಳ್ಳುವುದು ಅನ್ಯಾಯ.

ಈಗ ದುಡ್ಡಿನ ಮಾತು. 2025-26ರ ಬಜೆಟ್‌ನಲ್ಲಿ ಶಿಕ್ಷಣಕ್ಕೆ ರಾಜ್ಯ ಇಟ್ಟದ್ದು 45,286 ಕೋಟಿ ರೂಪಾಯಿ. ದೊಡ್ಡ ಮೊತ್ತವೇ. ಆದರೆ ಅದರಲ್ಲಿ ಬಹುಪಾಲು ಸಂಬಳಕ್ಕೆ. ಮುಖ್ಯಶಿಕ್ಷಕರ ಕೈಗೆ ಬರುವ ದುಡ್ಡು ಬೇರೆ: ಸಮಗ್ರ ಶಿಕ್ಷಣದ ಶಾಲಾ ಅನುದಾನ. ಕೇಂದ್ರದ್ದು ಅರವತ್ತು ಪಾಲು, ರಾಜ್ಯದ್ದು ನಲವತ್ತು. ಅದೂ ತಲೆ ಎಣಿಸಿಯೇ. ಮೂವತ್ತು ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000, ನೂರರವರೆಗೆ 25,000, ಇನ್ನೂರೈವತ್ತರವರೆಗೆ 50,000. ಹನ್ನೆರಡು ಮಕ್ಕಳ ದೊಡ್ಡಿ ಶಾಲೆಗೆ ತಿಂಗಳಿಗೆ ಎಂಟುನೂರ ಮೂವತ್ತಮೂರು ರೂಪಾಯಿ ಬಂದಂತಾಯಿತು. ಅದರಲ್ಲಿ ಹತ್ತರಲ್ಲೊಂದು ಪಾಲು ಸ್ವಚ್ಛತೆಗೆ. ಉಳಿದದ್ದರಲ್ಲಿ ಸೀಮೆಸುಣ್ಣ, ರಿಜಿಸ್ಟರು, ಪೊರಕೆ, ನಲ್ಲಿಯ ವಾಷರು, ಸ್ವಾತಂತ್ರ್ಯ ದಿನದ ಸಿಹಿ. ಹನ್ನೆರಡು ಮಕ್ಕಳಿದ್ದಾರೆಂದು ಮಾಡು ಸೋರುವುದೇನೂ ಕಡಿಮೆಯಾಗುವುದಿಲ್ಲ.

ಇದನ್ನು ಇನ್ನೊಂದು ಅಂಕಿಯ ಪಕ್ಕ ಇಡುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆಯ ಸೀಟಿನಲ್ಲಿ ಖಾಸಗಿ ಶಾಲೆಗೆ ಸೇರಿದ ಒಂದು ಮಗುವಿಗೆ ರಾಜ್ಯ ಸರ್ಕಾರ ವರ್ಷಕ್ಕೆ 16,000 ರೂಪಾಯಿವರೆಗೆ ಶುಲ್ಕ ಮರುಪಾವತಿ ಮಾಡುತ್ತಿತ್ತು. ಸಂಬಳದ ವೆಚ್ಚ ಬೇರೆ ಇರುವುದರಿಂದ ಎರಡೂ ಒಂದೇ ತಕ್ಕಡಿಯವಲ್ಲ, ಒಪ್ಪುತ್ತೇನೆ. ಆದರೂ ಒಂದು ಮಗುವನ್ನು ಆಚೆ ಕಳಿಸಲು ಕೊಟ್ಟದ್ದಕ್ಕಿಂತ ಕಡಿಮೆ ದುಡ್ಡಿನಲ್ಲಿ ಒಂದಿಡೀ ಶಾಲೆ ವರ್ಷ ದೂಡಬೇಕು ಎಂಬುದು ಮನಸ್ಸಿಗೆ ಚುಚ್ಚುತ್ತದೆ. 2019ರಲ್ಲಿ ನಿಯಮ ತಿದ್ದಿ, ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವ ಕಡೆ ಖಾಸಗಿ ಶಾಲೆಯ ಆ ಸೀಟುಗಳನ್ನು ಕೈಬಿಟ್ಟರು. ಅಷ್ಟರಲ್ಲಿ ದಾರಿ ರೂಢಿಯಾಗಿತ್ತು.

ಊಟದ ವಿಷಯದಲ್ಲಿ ಮಾತ್ರ ಸರ್ಕಾರ ಕೈ ಬಿಗಿ ಹಿಡಿದಿಲ್ಲ ಎನ್ನಬೇಕು. ಇಪ್ಪತ್ತು ವರ್ಷ ದಾಟಿದ ಅಕ್ಷರ ದಾಸೋಹದ ಬಿಸಿಯೂಟ, 2013ರಿಂದ ಕ್ಷೀರಭಾಗ್ಯದ ಹಾಲು, 2024ರಿಂದ ರಾಗಿ ಮಾಲ್ಟ್, ಅದೇ ವರ್ಷ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವು ಸೇರಿ ವಾರಕ್ಕೆ ಆರು ದಿನ ಮೊಟ್ಟೆ. ಒಂದು ಮೊಟ್ಟೆಗೆ, ಬೇಯಿಸಿ ಸುಲಿಯುವ ಖರ್ಚೂ ಸೇರಿ, ಆರು ರೂಪಾಯಿ ಲೆಕ್ಕ. ಪೇಟೆಯ ದರ ಏರಿದಾಗ ಕೈಯಿಂದ ಹಾಕುವವರು ಮೇಷ್ಟ್ರು.

ಹಾಗಾದರೆ ಹಾಜರಿ ಪುಸ್ತಕದಲ್ಲಿ ಉಳಿದಿರುವ ಹೆಸರುಗಳು ಯಾರವು? ಸ್ವಂತ ಜಮೀನಿಲ್ಲದವರ ಮಕ್ಕಳು, ದಲಿತ ಕೇರಿಯ ಮಕ್ಕಳು, ತೋಟ ಕಾಯಲು, ಇಟ್ಟಿಗೆ ಗೂಡಿನ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳು. ಕೆಲವು ಮನೆಗಳಲ್ಲಿ ಇಂದಿಗೂ ಹೈದ ವ್ಯಾನ್ ಹತ್ತುತ್ತಾನೆ, ಅವನ ತಂಗಿ ದೊಡ್ಡಿ ಶಾಲೆಗೆ ನಡೆಯುತ್ತಾಳೆ. ಚನ್ನಪಟ್ಟಣ ಪೇಟೆಯೊಳಗಿನ ಚಿತ್ರ ಬೇರೆ. ಅಲ್ಲಿಯ ಸರ್ಕಾರಿ ಉರ್ದು ಶಾಲೆಗಳಲ್ಲಿ ಬೊಂಬೆ ಕಡೆಯುವವರ, ರೇಷ್ಮೆ ನೂಲು ತೆಗೆಯುವವರ ಮಕ್ಕಳಿದ್ದಾರೆ. 2023ರಲ್ಲಿ ಹೆದ್ದಾರಿ ಊರನ್ನು ಬಳಸಿಕೊಂಡು ಹೊರಗಿನಿಂದಲೇ ಹೋದ ಮೇಲೆ ಹಳೇ ರಸ್ತೆಯ ಬೊಂಬೆ ಅಂಗಡಿಗಳಲ್ಲಿ ವ್ಯಾಪಾರ ತಗ್ಗಿತು. ಅಂಥ ವರ್ಷ ಶುಲ್ಕ ಕಟ್ಟಲಾಗದೆ ಖಾಸಗಿ ಶಾಲೆಯಿಂದ ಮರಳಿ ಬರುವ ಮಗುವಿಗೆ ಬಾಗಿಲು ತೆರೆದಿರುವುದು ಸರ್ಕಾರಿ ಶಾಲೆಯದು.

ಹೊಂಗನೂರಿನ ಕತೆ ಈ ತಾಲ್ಲೂಕಿನ ಮುಂದಿನ ದಾರಿಯನ್ನು ತೋರಿಸುತ್ತಿದೆ. ಅಲ್ಲಿ ಕರ್ನಾಟಕ ಪಬ್ಲಿಕ್ ಶಾಲೆ ಇದೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ. ಊರಿನವರೇ ಆದ, ಕಣ್ವ ಡಯಾಗ್ನೋಸ್ಟಿಕ್ಸ್ ಕಟ್ಟಿದ ಡಾ. ಎಚ್.ಎಂ. ವೆಂಕಟಪ್ಪ ಕೋಟ್ಯಂತರ ರೂಪಾಯಿ ಸ್ವಂತ ಹಣ ಹಾಕಿ ಅದಕ್ಕೆ ಭವ್ಯವಾದ ಕಟ್ಟಡ ಮಾಡಿಸಿಕೊಟ್ಟರು. ತಾನು ಹುಟ್ಟಿದ ಊರಿನ ಸರ್ಕಾರಿ ಶಾಲೆಗೆ ಅಷ್ಟು ಮಾಡುವುದು ಸಣ್ಣ ಮಾತಲ್ಲ. 2025ರಲ್ಲಿ ಸುತ್ತಲಿನ ಏಳು ಸರ್ಕಾರಿ ಶಾಲೆಗಳನ್ನು ಈ ಶಾಲೆಗೆ ಸೇರಿಸುವ ಆದೇಶ ಬಂತು. ವಿದ್ಯಾರ್ಥಿ ಸಂಘಟನೆಗಳು ಬೀದಿಗಿಳಿದವು. ಸರ್ಕಾರ, ಶಾಲೆ ಮುಚ್ಚುವುದಲ್ಲ, ಒಳ್ಳೆಯ ಶಾಲೆಗೆ ಸೇರಿಸುವುದು ಎಂದಿತು.

ದೊಡ್ಡ ಶಾಲೆಯ ಪರ ಹೇಳುವುದಕ್ಕೆ ಗಟ್ಟಿಯಾದ ಮಾತಿದೆ. ಐದನೇ ತರಗತಿಯಲ್ಲಿ ಒಬ್ಬಳೇ ಹುಡುಗಿ ಇದ್ದರೆ ಅವಳಿಗೆ ಜೊತೆಗಾರ್ತಿ ಇಲ್ಲ, ಆಟಕ್ಕೆ ತಂಡ ಇಲ್ಲ, ಲೆಕ್ಕ ತಪ್ಪಿದಾಗ ಕೇಳಲು ಗೆಳತಿ ಇಲ್ಲ. ಹೊಂಗನೂರಿನಲ್ಲಿ ಅದೆಲ್ಲ ಸಿಗುತ್ತದೆ, ವಿಷಯಕ್ಕೊಬ್ಬರು ಮೇಷ್ಟ್ರೂ ಸಿಗುತ್ತಾರೆ. ನಾಲ್ಕನೇ ತರಗತಿಯಿಂದ ಮೇಲಿನವರು ಬಸ್ಸಿನಲ್ಲಿ ಹೋಗಲಿ. ನನ್ನ ತಕರಾರು ಚಿಕ್ಕವರ ಬಗ್ಗೆ. ನಲಿ-ಕಲಿಯ ಕೋಣೆ ದೊಡ್ಡಿಯಲ್ಲೇ ಇರಬೇಕು, ಅಂಗನವಾಡಿಯ ಪಕ್ಕದಲ್ಲೇ. ಬಸ್ಸು ಬಾರದ ದಿನ ಆರು ವರ್ಷದ ಮಗು ಮನೆಯಲ್ಲಿ ಉಳಿಯುತ್ತದೆ. ಕೂಲಿಗೆ ಹೋಗುವ ತಾಯಿ ಅದನ್ನು ಜೊತೆಗೆ ತೋಟಕ್ಕೆ ಕರೆದೊಯ್ಯುತ್ತಾಳೆ. ಒಮ್ಮೆ ತಪ್ಪಿದ ವಾರ ಎರಡಾಗುತ್ತದೆ.

ಇನ್ನೊಂದು ವಿಷಯ ಕಚೇರಿಗಳಲ್ಲಿ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಮಗು ಸರ್ಕಾರಿ ಶಾಲೆಯ ಕೈತಪ್ಪುವುದು ಆರನೇ ವಯಸ್ಸಿನಲ್ಲಲ್ಲ, ನಾಲ್ಕನೇ ವಯಸ್ಸಿನಲ್ಲಿ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಎಂಬ ನಿಯಮ ಬಂದಿದೆ. ಅಷ್ಟರೊಳಗೆ ಮಗು ಖಾಸಗಿ ಎಲ್‌ಕೆಜಿ, ಯುಕೆಜಿ ಮುಗಿಸಿ ಟೈ ಕಟ್ಟಿ, 'ಎ ಫಾರ್ ಆಪಲ್' ಹೇಳಿ ಅಜ್ಜಿಯನ್ನು ಮೆಚ್ಚಿಸಿರುತ್ತದೆ. ಅಲ್ಲಿಂದ ಅದನ್ನು ತಿರುಗಿ ಕರೆತರುವುದು ಯಾವ ಮೇಷ್ಟ್ರಿಗೂ ಸುಲಭವಲ್ಲ.

ಆದರೂ ಮೇ ಕೊನೆಯಲ್ಲಿ ಮಿಸ್ಸು ಹೊರಡುತ್ತಾರೆ, ದಾಖಲಾತಿ ಆಂದೋಲನಕ್ಕೆ. ಕೈಯಲ್ಲಿ ಕರಪತ್ರ, ಜೊತೆಗೆ ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಒಬ್ಬರಿಬ್ಬರು. ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಸಲಹೆಯ ಬೆನ್ನಿಗೆ 2001ರಲ್ಲಿ ಹುಟ್ಟಿದ ಈ ಪೋಷಕರ ಸಮಿತಿ ಜೀವಂತವಾಗಿರುವ ಕಡೆ ಶಾಲೆಯೂ ಜೀವಂತವಾಗಿರುತ್ತದೆ. ಒಂದು ಜಗಲಿಯ ಮುಂದೆ ನಿಲ್ಲುತ್ತಾರೆ. 'ಅಮ್ಮಾ, ಪಾಪುಗೆ ಆರು ತುಂಬ್ತಲ್ವಾ, ನಮ್ ಸ್ಕೂಲಿಗೆ ಹಾಕ್ರಿ.' ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ತಲೆ ಎತ್ತುತ್ತಾಳೆ. 'ಹಾಕ್ತೀವಿ ಕಣವ್ವಾ. ವರ್ಸೆಲ್ಲಾ ನೀನೇ ಇರ್ತೀಯಾ? ಹೋದ್ ವರ್ಸ ಇದ್ದೋಳು ಎತ್ಲಾಗ್ ಹೋದ್ಲು?'

ಮಿಸ್ಸು ಅತಿಥಿ ಶಿಕ್ಷಕಿ. ಈ ವರ್ಷದ ಆದೇಶ ಇನ್ನೂ ಬಂದಿಲ್ಲ. ಅವರು ಬ್ಯಾಗಿನಿಂದ ಅರ್ಜಿ ತೆಗೆದು, ಮಗುವಿನ ಹೆಸರು ಕೇಳಿ ಬರೆದುಕೊಳ್ಳುತ್ತಾರೆ.