ಕೈಬಂದೂಕು ಮತ್ತು ನಮ್ಮ ಮನೆ: ಒಬ್ಬ ವೈದ್ಯರ ದೃಷ್ಟಿಯಲ್ಲಿ



ಆಯುಧವೆಂದೊಡನೆ ನಮ್ಮವರ ಮನಸ್ಸಿಗೆ ಬರುವುದು ಎರಡೇ ಚಿತ್ರಗಳು: ಮಹಾನವಮಿಯ ಆಯುಧಪೂಜೆ ಮತ್ತು ಟೆಲಿವಿಷನ್ ವಾರ್ತೆಯ ರಕ್ತಪಾತ. ಒಂದರಲ್ಲಿ ಭಕ್ತಿ, ಇನ್ನೊಂದರಲ್ಲಿ ಭೀತಿ. ಆದರೆ ನಾವು ನೆಲೆಸಿರುವ ಈ ಅಮೆರಿಕದಲ್ಲಿ ಬಂದೂಕು ನೆರೆಮನೆಯ ಸಾಮಾನು. ನಮ್ಮ ಕನ್ನಡ ಮನೆಗಳಲ್ಲಿಯೂ ಕೆಲವರು ಅದನ್ನು ಇಟ್ಟುಕೊಂಡಿದ್ದಾರೆ. ಆದ್ದರಿಂದ ಭಕ್ತಿ ಭೀತಿಗಳೆರಡನ್ನೂ ಬದಿಗಿಟ್ಟು, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯುವುದು ಒಳಿತು.

ಹಲವು ವರ್ಷಗಳಿಂದ ಹಳೆಯ ಬಂದೂಕುಗಳ ಸಂಗ್ರಹ ನಮ್ಮ ಹವ್ಯಾಸ. ಈಚೆಗೆ ಅದಕ್ಕೆ ಎರಡು ಕೈಬಂದೂಕುಗಳು ಸೇರಿದವು. ಅವುಗಳನ್ನು ಕೈಗೆತ್ತಿಕೊಂಡಾಗ ನಮಗಾದ ಅನಿಸಿಕೆಗಳನ್ನೇ ಇಂದು ವಿವರಣೆಗೆ ಆಧಾರವಾಗಿ ಬಳಸಿಕೊಳ್ಳುತ್ತೇವೆ.

ಕೊಡಗಿನ ಬಂಧುಗಳಿಗೆ ಕೋವಿ ಹೊಸದಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ ಸಲ್ಲುತ್ತದೆ. ಭಾರತದ 1959ರ ಆಯುಧ ಕಾಯಿದೆಯ ಲೈಸೆನ್ಸ್ ನಿಯಮದಿಂದಲೂ ಕೊಡವರಿಗೆ ವಿನಾಯಿತಿಯಿದೆ. ಆದರೆ ಗೋಡೆಗೆ ತೂಗುಹಾಕಿದ ಉದ್ದ ನಳಿಗೆಯ ಕೋವಿ ಬೇರೆ, ಮೇಜಿನ ಸೆಳೆಖಾನೆಯಲ್ಲಿ ಅಡಗುವ ಕೈಬಂದೂಕು ಬೇರೆ. ಎರಡನೆಯದು ಸುಲಭವಾಗಿ ಬಚ್ಚಿಡಬಹುದಾದದ್ದು. ಒಂದೇ ಕೈಯಲ್ಲಿ ಯಾವ ದಿಕ್ಕಿಗೂ, ತನ್ನ ಕಡೆಗೇ ಕೂಡ, ತಿರುಗಿಸಬಹುದಾದದ್ದು. ಅಪಾಯದ ಬೇರು ಇಲ್ಲಿದೆ.

ನಮ್ಮ ಹೊಸ ಸಂಗ್ರಹದ ಮೊದಲನೆಯದು ಸ್ಮಿತ್ ಅಂಡ್ ವೆಸನ್ ಮಾಡೆಲ್ 10 ರಿವಾಲ್ವರ್. ಇದರ ಮೂಲ ವಿನ್ಯಾಸ 1899ರದು. ಅಮೆರಿಕದ ಪೊಲೀಸರ ಸೊಂಟದಲ್ಲಿ ದಶಕಗಳ ಕಾಲ ಇದ್ದುದು ಇದೇ. ಪೂರ್ತಿ ಉಕ್ಕಿನದಾದ್ದರಿಂದ ತೂಕ ಒಂದು ಕಿಲೋಗ್ರಾಮಿಗೆ ಸಮೀಪ. ತಿರುಗುವ ಉರುಳೆಯಲ್ಲಿ ಆರು ತೋಟಾಗಳು. ಉರುಳೆಯನ್ನು ಪಕ್ಕಕ್ಕೆ ಹೊರಳಿಸಿದರೆ ಎಷ್ಟು ತೋಟಾಗಳಿವೆಯೆಂದು ಕಣ್ಣಿಗೇ ಕಾಣುತ್ತದೆ. ಸುತ್ತಿಗೆಯನ್ನು ಮೊದಲೇ ಹಿಂದಕ್ಕೆಳೆಯದಿದ್ದರೆ ಟ್ರಿಗರಿನ ಎಳೆತ ದೀರ್ಘ ಮತ್ತು ಬಿಗಿ. ಹಳೆಯ ಕಾಲದ ಹಿರಿಯರಂತೆ ಭಾರ, ನಿಧಾನ, ಆದರೆ ಮುಚ್ಚುಮರೆಯಿಲ್ಲ: ಇದು ನಮ್ಮ ಮೊದಲ ಅನಿಸಿಕೆ.

ಎರಡನೆಯದು ಗ್ಲಾಕ್ 19. ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್ ಅವರ ಮೊದಲ ಪಿಸ್ತೂಲು ಆ ದೇಶದ ಸೇನೆಯನ್ನು ಸೇರಿದ್ದು 1982ರಲ್ಲಿ. ಅದರ ಈ ಚಿಕ್ಕ ರೂಪ ಬಂದದ್ದು 1988ರಲ್ಲಿ. ಚೌಕಟ್ಟು ಪ್ಲಾಸ್ಟಿಕ್ ಜಾತಿಯ ಪಾಲಿಮರಿನದು. ಖಾಲಿ ಇದ್ದಾಗ ತೂಕ ಸುಮಾರು 600 ಗ್ರಾಮು. ಹಿಡಿಯೊಳಗಿನ ಮ್ಯಾಗಜೀನಿನಲ್ಲಿ 15 ತೋಟಾಗಳು. ಟ್ರಿಗರಿನ ಎಳೆತ ಸುಮಾರು ಐದೂವರೆ ಪೌಂಡು. ಬೆರಳಿನಿಂದ ಸರಿಸುವ ಪ್ರತ್ಯೇಕ ಸುರಕ್ಷಾ ಗುಂಡಿ ಇಲ್ಲ. ಸುರಕ್ಷೆಯ ಚಿಕ್ಕ ಅಲಗು ಟ್ರಿಗರಿನಲ್ಲಿಯೇ ಇದೆ. ಕೆಳಗೆ ಬಿದ್ದರೆ ಸಿಡಿಯದಂತೆ ಒಳಗೆ ತಡೆಗಳಿವೆ. ಆದರೆ ಬೆರಳು ಒತ್ತಿದರೆ ತಡೆಯುವುದು ಯಾವುದೂ ಇಲ್ಲ. ಆ ಬೆರಳು ದೊಡ್ಡವರದೋ ಮಗುವಿನದೋ ಎಂದು ಯಂತ್ರ ಕೇಳುವುದಿಲ್ಲ.

ಇಲ್ಲಿ ಎಲ್ಲರೂ ನೆನಪಿಡಬೇಕಾದ ಒಂದು ಸಂಗತಿಯಿದೆ. ಇಂಥ ಪಿಸ್ತೂಲಿನಿಂದ ಮ್ಯಾಗಜೀನನ್ನು ಹೊರತೆಗೆದ ಮಾತ್ರಕ್ಕೆ ಅದು ಖಾಲಿಯಾಗುವುದಿಲ್ಲ. ನಳಿಗೆಯ ಹಿಂಬದಿಯ ಕೋಣೆಯಲ್ಲಿ ಒಂದು ತೋಟಾ ಉಳಿದಿರಬಹುದು. ಹಿಡಿ ಖಾಲಿಯಿದ್ದರೂ ಅದು ಸಿಡಿಯುತ್ತದೆ. ಗ್ಲಾಕನ್ನು ಸ್ವಚ್ಛಗೊಳಿಸಲು ಬಿಡಿಭಾಗ ಮಾಡುವ ಮುನ್ನ ಟ್ರಿಗರನ್ನು ಒತ್ತಲೇಬೇಕು. ಆದ್ದರಿಂದ ಮೊದಲು ಮ್ಯಾಗಜೀನನ್ನು ತೆಗೆಯಬೇಕು, ಆಮೇಲೆ ಮೇಲಿನ ಸ್ಲೈಡನ್ನು ಹಿಂದಕ್ಕೆಳೆಯಬೇಕು, ಅನಂತರ ಕೋಣೆಯನ್ನು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಪರೀಕ್ಷಿಸಬೇಕು. ಈ ಕ್ರಮ ತಪ್ಪಬಾರದು.

ಗುಂಡು ಹಾರಿಸುವ ಅಭ್ಯಾಸಕ್ಕೆ ಹೋಗುವವರಿಗೆ ವೈದ್ಯಕೀಯದ ಎರಡು ಮಾತು. ಒಂದು ಈಡಿನ ಸದ್ದು 140 ಡೆಸಿಬೆಲ್ ದಾಟುತ್ತದೆ. ರಕ್ಷಣೆಯಿಲ್ಲದ ಕಿವಿಗೆ ಒಂದೇ ಸಲಕ್ಕೆ ಶಾಶ್ವತ ಹಾನಿಯಾಗಬಹುದು. ಇನ್ನು, ಸಾಮಾನ್ಯ ತೋಟಾಗಳ ಹೊಗೆಯಲ್ಲಿ ಸೀಸದ ಅಂಶವಿರುತ್ತದೆ. ಮನೆಗೆ ಬಂದೊಡನೆ ಕೈಮುಖ ತೊಳೆದು ಬಟ್ಟೆ ಬದಲಿಸದೆ ಮಕ್ಕಳನ್ನು ಎತ್ತಿಕೊಳ್ಳಬಾರದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಮನೆಗೆ ಕಳ್ಳ ನುಗ್ಗಿದರೆ ಇರಲಿ ಎಂದು ಅನೇಕರು ಪಿಸ್ತೂಲು ಕೊಳ್ಳುತ್ತಾರೆ. ಆದರೆ 2022ರಲ್ಲಿ ಈ ದೇಶದಲ್ಲಿ ಬಂದೂಕಿನಿಂದ ಸತ್ತ ಸುಮಾರು 48 ಸಾವಿರ ಜನರಲ್ಲಿ ಸುಮಾರು 27 ಸಾವಿರ ಜನರದು ಆತ್ಮಹತ್ಯೆ. ಔಷಧ ನುಂಗಿದವರಲ್ಲಿ ಹೆಚ್ಚಿನವರನ್ನು ನಾವು ವೈದ್ಯರು ಉಳಿಸಿಕೊಳ್ಳುತ್ತೇವೆ. ಬಂದೂಕನ್ನು ಬಳಸಿದ ಹತ್ತು ಜನರಲ್ಲಿ ಒಂಬತ್ತು ಜನ ಉಳಿಯುವುದಿಲ್ಲ. ಸಾಯಬೇಕೆಂಬ ತೀವ್ರ ಆವೇಗ ಅನೇಕರಲ್ಲಿ ಕೆಲವೇ ನಿಮಿಷಗಳದು. ಆ ಗಳಿಗೆ ದಾಟಿದರೆ ಬದುಕು ಉಳಿಯುತ್ತದೆ. ಒಮ್ಮೆ ಪ್ರಯತ್ನಿಸಿ ಬದುಕುಳಿದವರಲ್ಲಿ ಬಹುಪಾಲು ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಆದ್ದರಿಂದ ಬೀಗವೇ ಇಲ್ಲಿ ಔಷಧ.

ಅಂಕಗಳ ಒತ್ತಡದಲ್ಲಿ ನಲುಗುವ ಹದಿಹರೆಯದ ಮಕ್ಕಳು ನಮ್ಮ ಮನೆಗಳಲ್ಲಿದ್ದಾರೆ. ಊರು ಬಿಟ್ಟು ಬಂದು, ಮಾತಿಗೆ ಜೊತೆಯಿಲ್ಲದೆ ಮಂಕಾಗಿ ಕುಳಿತ ತಂದೆತಾಯಿಯರೂ ಇದ್ದಾರೆ. ನಮ್ಮ ಸಮಾಜದಲ್ಲಿ ಮನೋವ್ಯಥೆಯನ್ನು ಹೇಳಿಕೊಳ್ಳುವ ರೂಢಿ ಕಡಿಮೆ. ಅಂಥ ಮನೆಯಲ್ಲಿ ಬಂದೂಕಿದ್ದರೆ ಅದನ್ನು ಖಾಲಿ ಮಾಡಿ ಉಕ್ಕಿನ ಪೆಟ್ಟಿಗೆಯಲ್ಲಿ ಬೀಗಹಾಕಿಡಬೇಕು. ತೋಟಾಗಳನ್ನು ಬೇರೊಂದು ಬೀಗದಲ್ಲಿಡಬೇಕು. ಮಕ್ಕಳಿಗೆ ಬೀಗದ ಕೈ ಇರುವ ಜಾಗವಾಗಲಿ, ಸಂಖ್ಯೆಯಾಗಲಿ ತಿಳಿದಿರಬಾರದು. ಬಟ್ಟೆಗಳ ಅಡಿಯಲ್ಲಿ ಅಡಗಿಸಿಡುವುದು ಭದ್ರತೆಯಲ್ಲ. ಚಕ್ಕುಲಿ ಡಬ್ಬವನ್ನು ಎಲ್ಲಿಟ್ಟರೂ ಹುಡುಕುವ ಮಕ್ಕಳು ಇದನ್ನು ಹುಡುಕಲಾರರೇ? ಮನೆಯಲ್ಲಿ ಯಾರಾದರೂ ಖಿನ್ನರಾಗಿದ್ದರೆ ಬಂದೂಕನ್ನು ಕೆಲಕಾಲ ಮನೆಯಿಂದಲೇ ಹೊರಗೆ, ಕಾನೂನುಬದ್ಧವಾಗಿ, ಇರಿಸುವುದು ಲೇಸು. ಸಂಕಟದ ಸಮಯದಲ್ಲಿ 988ಕ್ಕೆ ಫೋನು ಮಾಡಿದರೆ ಹಗಲಿರುಳೂ ಆಪ್ತಸಲಹೆ ದೊರೆಯುತ್ತದೆ. ಈ ಸಂಖ್ಯೆ 2022ರಿಂದ ಜಾರಿಯಲ್ಲಿದೆ.

ಬಂದೂಕಿಲ್ಲದ ಮನೆಯವರಿಗೂ ಒಂದು ಕರ್ತವ್ಯವಿದೆ. ಮಕ್ಕಳನ್ನು ಗೆಳೆಯರ ಮನೆಗೆ ಕಳುಹಿಸುವಾಗ ಕಡಲೆಕಾಯಿಯ ಅಲರ್ಜಿಯ ವಿಷಯ ಹೇಳುತ್ತೇವಲ್ಲವೇ? ಹಾಗೆಯೇ, “ನಿಮ್ಮಲ್ಲಿ ಬಂದೂಕಿದೆಯೇ? ಅದಕ್ಕೆ ಬೀಗ ಹಾಕಿದೆಯೇ?” ಎಂದು ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಈ ಪ್ರಶ್ನೆಯನ್ನು ನಮ್ಮನ್ನು ಕೇಳಿದವರ ಮೇಲೆ ನಮಗೆ ಗೌರವವೇ ಹೆಚ್ಚಿದೆ.