ಮಾಂಸ ಹೆಚ್ಚಿಸುವ ವಂಶವಾಹಿ ತಿದ್ದುಪಡಿ: ಕುರಿ ಸಾಕಾಣಿಕೆದಾರರಿಗೆ ಮಾಹಿತಿ

ಹೊಸಪೇಟೆ, ಹಂಪಿ, ಸಂಡೂರು ಹಾಗೂ ಕಂಪ್ಲಿ ಭಾಗದಲ್ಲಿ ಕುರಿ ಸಾಕಾಣಿಕೆಗಾಗಿ ಸಾಲ ಅಥವಾ ಸಹಾಯಧನಕ್ಕೆ ಅರ್ಜಿ ಸಲ್ಲಿಸುವವರು “ಜೀನ್ ತಿದ್ದಿದ ಕುರಿ”ಯ ಬಗ್ಗೆ ಸರಿಯಾದ ಮಾಹಿತಿ ಹೊಂದಿರುವುದು ಅಗತ್ಯ. ಇಂತಹ ಕುರಿಗಳನ್ನು ರೈತರಿಗೆ ವಿತರಿಸಲು ಭಾರತದಲ್ಲಿ ಅನುಮತಿ ನೀಡಲಾಗಿಲ್ಲ. ಈ ಹೆಸರಿನಲ್ಲಿ ಯಾರೇ ಮುಂಗಡ ಹಣ ಕೇಳಿದರೂ ಕೊಡತಕ್ಕದ್ದಲ್ಲ.

ಪ್ರಾಣಿಗಳ ದೇಹದಲ್ಲಿ ಸ್ನಾಯುಗಳು ಮಿತಿಮೀರಿ ಬೆಳೆಯದಂತೆ ಮಯೋಸ್ಟಾಟಿನ್ ಎಂಬ ಪ್ರೋಟೀನು ತಡೆಯುತ್ತದೆ. ಇದನ್ನು ಅಮೆರಿಕದ ವಿಜ್ಞಾನಿಗಳು 1997ರಲ್ಲಿ ಇಲಿಗಳಲ್ಲಿ ತೋರಿಸಿಕೊಟ್ಟರು. ಈ ಪ್ರೋಟೀನಿನ ವಂಶವಾಹಿಯನ್ನು ಭ್ರೂಣದ ಹಂತದಲ್ಲಿಯೇ ನಿಷ್ಕ್ರಿಯಗೊಳಿಸಿದರೆ ಮಾಂಸಖಂಡ ಹೆಚ್ಚುತ್ತದೆ. ಹೊರಗಿನ ಜೀವಿಯ ವಂಶವಾಹಿಯನ್ನು ಸೇರಿಸಬೇಕಾಗಿಲ್ಲ. ಯುರೋಪಿನ ಟೆಕ್ಸೆಲ್ ಕುರಿಯಲ್ಲಿ ಇಂತಹ ಬದಲಾವಣೆ ನಿಸರ್ಗದಿಂದಲೇ ಬಂದಿದೆ.

ಭಾರತದಲ್ಲಿ ಈ ಪ್ರಯೋಗವನ್ನು ಕೈಗೊಂಡದ್ದು ಶೇರ್-ಎ-ಕಾಶ್ಮೀರ್ ಕೃಷಿ ವಿಶ್ವವಿದ್ಯಾಲಯ. ಡಾ. ರಿಯಾಜ್ ಅಹ್ಮದ್ ಷಾ ಅವರ ತಂಡದ ಪ್ರಯತ್ನದಿಂದ 2024ರ ಡಿಸೆಂಬರ್ 16ರಂದು ಕುರಿಮರಿ ಜನಿಸಿತು. 2025ರ ಮೇ ತಿಂಗಳಿನಲ್ಲಿ ವಿಷಯವನ್ನು ಪ್ರಕಟಿಸಲಾಯಿತು. ಸ್ನಾಯುವಿನ ಪ್ರಮಾಣ ಸುಮಾರು ಶೇ. 30ರಷ್ಟು ಹೆಚ್ಚುವುದೆಂದು ವಿಶ್ವವಿದ್ಯಾಲಯವು ತಿಳಿಸಿದೆ. 2022ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು ನಿಯಮಗಳಿಂದ ನೀಡಿದ ವಿನಾಯಿತಿ ಸಸ್ಯಗಳಿಗೆ ಮಾತ್ರ ಸೀಮಿತವಾಗಿದ್ದು, ಪ್ರಾಣಿಗಳಿಗೆ ಅನ್ವಯಿಸುವುದಿಲ್ಲ.

ತೂಕವೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ ಲಾಭ ದೊಡ್ಡದೆನಿಸಬಹುದು. ಆದರೆ ಇದೇ ವಂಶವಾಹಿ ನಿಷ್ಕ್ರಿಯವಾಗಿರುವ ಬೆಲ್ಜಿಯನ್ ಬ್ಲೂ ದನಗಳಲ್ಲಿ ಕರುಗಳು ದಷ್ಟಪುಷ್ಟವಾಗಿರುವುದರಿಂದ ಬಹುಪಾಲು ಹೆರಿಗೆಗಳಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಕುರಿಗಳಲ್ಲಿಯೂ ಹೀಗೆಯೇ ಆಗುವುದೆಂದು ಹೇಳಲಾಗದು. ಆದರೂ ಸಂಡೂರಿನ ಗುಡ್ಡದಲ್ಲಿ ಮೇಯುತ್ತಿರುವಾಗಲೇ ಕುರಿ ಈಯುವ ಹಿಂಡಿನಲ್ಲಿ, ವೈದ್ಯರು ಬರುವವರೆಗೆ ಕಾಯುವ ಅವಕಾಶ ಎಲ್ಲಿಯದು? ಬಳ್ಳಾರಿ ಮತ್ತು ದಖನಿ ತಳಿಗಳು ಬರ, ಬಿಸಿಲು ಹಾಗೂ ದೂರದ ನಡಿಗೆಯನ್ನು ತಾಳುತ್ತವೆ. ಈ ಗುಣಕ್ಕೂ ಬೆಲೆಯಿದೆ.

ನಾರಿ ಸುವರ್ಣ ಕುರಿಯನ್ನೂ ಕೆಲವರು ಜೀನ್ ತಿದ್ದಿದ ತಳಿಯೆಂದು ಭಾವಿಸುತ್ತಾರೆ. ಅದು ಸರಿಯಲ್ಲ. ಬಂಗಾಳದ ಗರೋಲ್ ಕುರಿಯ ಅವಳಿ ಮರಿ ಹಾಕುವ ಗುಣವನ್ನು ಮಹಾರಾಷ್ಟ್ರದ ಫಲ್ಟಣದಲ್ಲಿ ಸಂಕರಣದ ಮೂಲಕ ದಖನಿ ಕುರಿಗೆ ತರಲಾಯಿತು.

ಸದ್ಯಕ್ಕೆ ತೂಕ ಹೆಚ್ಚಿಸುವ ಮಾರ್ಗ ಟಗರಿನ ಆಯ್ಕೆಯಲ್ಲಿದೆ. ಮೂರು ತಿಂಗಳಿಗೆ ಮರಿಗಳನ್ನು ತೂಗಿ, ಉತ್ತಮ ಗಂಡುಮರಿಯನ್ನು ಸಂತೆಗೆ ಕಳುಹಿಸದೆ ಉಳಿಸಿಕೊಳ್ಳಬೇಕು; ತನ್ನ ಹೆಣ್ಣುಮರಿಗಳೊಂದಿಗೇ ಕೂಡದಂತೆ ಎರಡು ವರ್ಷಕ್ಕೊಮ್ಮೆ ಟಗರನ್ನು ಬದಲಾಯಿಸಬೇಕು. ಜಂತುನಾಶಕ, ಮಳೆಗಾಲಕ್ಕೆ ಮುನ್ನ ಕರುಳುಬೇನೆಯ ಲಸಿಕೆ ಹಾಗೂ ಪಿಪಿಆರ್ ಲಸಿಕೆಗಾಗಿ ಸಮೀಪದ ಪಶು ಚಿಕಿತ್ಸಾಲಯವನ್ನು ಸಂಪರ್ಕಿಸುವುದು. ಅರ್ಜಿಯ ತಳಿ ಅಂಕಣದಲ್ಲಿ ಹಿಂಡಿನಲ್ಲಿರುವ ತಳಿಯ ಹೆಸರನ್ನೇ ನಮೂದಿಸತಕ್ಕದ್ದು.